ಐದು ಲಕ್ಷದ ರಕ್ಷಣೆ ಮತ್ತು ಔಷಧದ ಚೀಟಿ

ಪ್ರಶ್ನೆ: ಬ್ರಿಟನ್ನಿನಲ್ಲಿ ಚಿಕಿತ್ಸೆ ಉಚಿತವೆನ್ನುತ್ತಾರೆ, ಬಿಪಿಎಲ್ ಕಾರ್ಡಿದ್ದರೂ ಬೀದರ ಜಿಲ್ಲೆಯ ರೋಗಿಗೆ ಖರ್ಚು ತಪ್ಪುವುದಿಲ್ಲವೇಕೆ?

ಉತ್ತರ: ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಮುಖ್ಯವಾಗಿ ತೆರಿಗೆಯ ಹಣದಿಂದ ನಡೆಯುವುದರಿಂದ, ಸಾಮಾನ್ಯ ತಪಾಸಣೆಯಿಂದ ಶಸ್ತ್ರಚಿಕಿತ್ಸೆಯವರೆಗೆ ರೋಗಿಯು ಚಿಕಿತ್ಸೆಯ ಹೊತ್ತಿಗೆ ಹಣ ಕೊಡಬೇಕಾಗಿಲ್ಲ; ಆದರೆ ಇಂಗ್ಲೆಂಡಿನಲ್ಲಿ ಔಷಧಕ್ಕೆ ಹಲವರು ಶುಲ್ಕ ತೆರುತ್ತಾರೆಂಬುದನ್ನು ಆ ವ್ಯವಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕರ್ನಾಟಕದ ದಾರಿ ಬೇರೆ. 2010ರಲ್ಲಿ, ಬೀದರವನ್ನೊಳಗೊಂಡ ಕಲಬುರಗಿ ವಿಭಾಗದಲ್ಲೇ ಮೊದಲು ಜಾರಿಗೊಂಡ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರಿನಂಥ ದುಬಾರಿ ಚಿಕಿತ್ಸೆಯ ವೆಚ್ಚವನ್ನು ಭರಿಸಿತು. 2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡಿದರೆ, ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ, 1.5 ಲಕ್ಷದ ಮಿತಿಯೊಳಗೆ, ಭರಿಸುತ್ತದೆ.

ಈ ರಕ್ಷಣೆ ಬಹುಮಟ್ಟಿಗೆ ಒಳರೋಗಿಗೆ, ಅಂದರೆ ಆಸ್ಪತ್ರೆಯಲ್ಲಿ ದಾಖಲಾದವರಿಗೆ, ಸೀಮಿತವಾಗಿದೆ. ಮಧುಮೇಹಿಯೊಬ್ಬರು ಭಾಲ್ಕಿಯ ಖಾಸಗಿ ದವಾಖಾನೆಗೆ ಹೋಗಿ ತಿಂಗಳ ಗುಳಿಗೆ ಕೊಂಡರೆ ಆ ಹಣ ಅವರ ಜೇಬಿನದೇ. ತುರ್ತುಸ್ಥಿತಿಯ ಹೊರತು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಾಗ ಮಾತ್ರ ಶಿಫಾರಸು ಪತ್ರ ಪಡೆಯಬೇಕೆಂಬ ನಿಯಮದಿಂದ, ಔರಾದಿನವರಿಗೆ ಬೀದರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬ್ರಿಮ್ಸ್‌ವರೆಗಿನ ಬಸ್ ಖರ್ಚೂ ಕಳೆದುಹೋದ ಕೂಲಿಯೂ ಸೇರಿಕೊಳ್ಳುತ್ತವೆ. ಇವನ್ನು ಯಾವ ಪ್ಯಾಕೇಜ್ ದರವೂ ಲೆಕ್ಕಹಾಕುವುದಿಲ್ಲ. ಶ್ರೀಮಂತವಲ್ಲದ ಥೈಲ್ಯಾಂಡ್ 2002ರಲ್ಲಿ ಆರೋಗ್ಯ ರಕ್ಷಣೆಯ ಕಾಯ್ದೆ ತಂದಾಗ ಹೊರರೋಗಿ ಚಿಕಿತ್ಸೆಯನ್ನೂ ಅದರೊಳಗೆ ಸೇರಿಸಿತು. ಹೊರರೋಗಿಯನ್ನು ಬಹುಮಟ್ಟಿಗೆ ಬಿಟ್ಟಿರುವುದೇ ಭಾರತದ ಯೋಜನೆಯ ದೊಡ್ಡ ಕೊರತೆ.