ಹೊಗೆಯಿಂದ ಕಾಯಿಲೆ ಬಂದರೆ ಪರಿಹಾರ ಕೇಳಬಹುದೇ?

ಬೇಳೆ ವ್ಯಾಪಾರಕ್ಕೆಂದು ನಾನು ಉದ್ಗೀರ್, ನಿಲಂಗಾ, ಉಮರ್ಗಾ ಕಡೆ ಹೋಗಿ ಬರುತ್ತಿರುತ್ತೇನೆ. ಕಬ್ಬು ಕಟಾವಾದ ಮೇಲೆ ಅಲ್ಲಿ ಕೆಲವು ಹೊಲಗಳಲ್ಲಿ ರವದಿಗೆ, ಅಂದರೆ ಕಬ್ಬಿನ ಒಣಗರಿಗೆ ಬೆಂಕಿ ಇಡುತ್ತಾರೆ. ಕಳೆದ ಸಲ ಹೋದಾಗ ನಾನು ಮಾಲು ತಗೊಳ್ಳುವ ಅಂಗಡಿಯ ಚಾಚಾ ಕೆಮ್ಮುತ್ತಲೇ ಬಿಲ್ ಬರೆದರು. "ಔಷಧಿಗೇ ದುಡ್ಡು ಹೋಗ್ತಿದೆ, ಯಾರ ಹತ್ರ ಕೇಳೋದು?" ಅಂದರು.

ಕೇಳಲು ಕಾನೂನಿನಲ್ಲಿ ದಾರಿ ಇದೆ. ಆದರೆ ದಂಡ ಬೇರೆ, ಪರಿಹಾರ ಬೇರೆ. 2015ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ದಿಲ್ಲಿ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಕೂಳೆ ಸುಡುವವರಿಗೆ ಜಮೀನಿನ ಅಳತೆ ನೋಡಿ 2,500ರಿಂದ 15,000 ರೂಪಾಯಿ ವಿಧಿಸಲು ಹೇಳಿತು. ಅದು ಸರ್ಕಾರಕ್ಕೆ ಹೋಗುವ ಹಣ, ಕೆಮ್ಮುವವನ ಕೈಗೆ ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹೊತ್ತಿ ಉರಿದಾಗಲೂ ಎನ್‌ಜಿಟಿ ಪಾಲಿಕೆಗೆ 100 ಕೋಟಿ ರೂ. ವಿಧಿಸಿತು, ಆಮೇಲೆ ಕೇರಳ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ನಮ್ಮ ನಷ್ಟ ನಮಗೇ ಬರಬೇಕಾದರೆ ನಾವೇ ಅರ್ಜಿ ಹಾಕಬೇಕು. 2010ರ ಎನ್‌ಜಿಟಿ ಕಾಯ್ದೆಯ 15ನೇ ಕಲಂ ಪ್ರಕಾರ ಚಿಕಿತ್ಸೆಯ ಖರ್ಚು, ಕೂಲಿ ನಷ್ಟ, ವ್ಯಾಪಾರದ ನಷ್ಟ ಕೇಳಬಹುದು. ತೊಂದರೆ ಶುರುವಾಗಿ 5 ವರ್ಷದೊಳಗೆ ಹಾಕಬೇಕು. ಶುಲ್ಕ ಕೇಳುವ ಮೊತ್ತದ ಶೇ. 1, ಕನಿಷ್ಠ 1,000 ರೂ.; ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಹೊಗೆ ಮಹಾರಾಷ್ಟ್ರದ್ದಾದರೆ ಪುಣೆ ಪೀಠ, ಗಡಿ ದಾಟಿ ಬೀದರ್ ಕಡೆಯದ್ದಾದರೆ ಚೆನ್ನೈ ಪೀಠ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಕಷ್ಟ ಇರುವುದು ಸಾಕ್ಷಿಯಲ್ಲಿ. ಹತ್ತು ಹೊಲದ ಹೊಗೆ ಸೇರಿ ಬಂದರೆ ಯಾರದ್ದೆಂದು ಹೇಳುವುದು? ಹಲವರಿಂದ ಹಾನಿಯಾದರೆ ಹೊಣೆಯನ್ನು ನ್ಯಾಯವಾಗಿ ಹಂಚಲು 17ನೇ ಕಲಂ ಅವಕಾಶ ಕೊಡುತ್ತದೆ. ಆದರೂ ಆ ಹೊಗೆಯಿಂದಲೇ ಕಾಯಿಲೆ ಬಂತು ಅಥವಾ ಹೆಚ್ಚಾಯಿತು ಎಂದು ನಾವು ತೋರಿಸಬೇಕು.

ಅದಕ್ಕೆ ಇಷ್ಟು ಮಾಡಿಡಿ: ಬೆಂಕಿಯ ದಿನಾಂಕ, ಜಾಗ, ಫೋಟೋ, ಹೊಗೆಯ ವಿಷಯ ಬರೆದಿರುವ ಡಾಕ್ಟರ ಚೀಟಿ, ಔಷಧಿಯ ಬಿಲ್ಲು, ತಹಶೀಲ್ದಾರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟ ದೂರಿನ ಸ್ವೀಕೃತಿ.

ಚಾಚಾ ಮಾಲಿನ ಬಿಲ್ಲನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು, ಔಷಧಿಯದ್ದು ಒಂದೂ ಇರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೆಯೇ. ಓದಿದ ಯುವಕರು ಮನೆಯ ಹಿರಿಯರಿಗೆ ಇಂದೇ ಒಂದು ಫೈಲ್ ಮಾಡಿಕೊಡಿ.