ಹಳೆಯ ಕಂಪ್ಯೂಟರ್ ಆಟ, ಹೊಸ ಪ್ರಯೋಗಾಲಯ: ಗಣಿತ ತರಗತಿಯ ಒಂದು ಅನುಭವ

ಬೋಧನಾಭ್ಯಾಸದ ಶಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು 9ನೇ ತರಗತಿಯ ಗಣಿತ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ನಕ್ಷೆಗೆ ಪಠ್ಯಪುಸ್ತಕದ ಹೊರಗಿನ ಉದಾಹರಣೆಯೊಂದನ್ನು ಹುಡುಕುತ್ತಿದ್ದೆ. ಆಗ ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿ ಆಡಿದ್ದ ‘ಸಿಮ್‌ಸಿಟಿ’ ನೆನಪಾಯಿತು. ವಿಲ್ ರೈಟ್ ರೂಪಿಸಿದ, 1989ರಲ್ಲಿ ಬಂದ ಆಟ ಅದು. ಆಡುವವರೇ ಊರಿನ ಮೇಯರ್. ರಸ್ತೆ, ವಿದ್ಯುತ್ ಒದಗಿಸುವುದರ ಜೊತೆಗೆ ತೆರಿಗೆಯ ದರವನ್ನೂ ಅವರೇ ನಿರ್ಧರಿಸಬೇಕು.

ಆಟ ಏಕೆ ತೆರೆಯಲಿಲ್ಲ?

ಮಾವನ ಹಳೆಯ ಡಾಸ್ ಪ್ರತಿಯನ್ನು ಶಾಲೆಯ ಕಂಪ್ಯೂಟರಿಗೆ ಹಾಕಿದರೆ ಅದು ತೆರೆಯಲೇ ಇಲ್ಲ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳನ್ನು 64 ಬಿಟ್ ವಿಂಡೋಸ್ ನೇರವಾಗಿ ನಡೆಸುವುದಿಲ್ಲ. ಇದಕ್ಕೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದು ಹೊಸ ಯಂತ್ರದೊಳಗೆ ಹಳೆಯ ಕಂಪ್ಯೂಟರಿನಂತೆ ವರ್ತಿಸುತ್ತದೆ. ಆಟದ ಫೋಲ್ಡರನ್ನು ಅದಕ್ಕೆ ‘ಸಿ ಡ್ರೈವ್’ ಎಂದು ತೋರಿಸಿಕೊಡಬೇಕು. ಆಟ ತೀರಾ ವೇಗವಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನಗೊಳಿಸಬಹುದು.

ಆದರೆ ಡಾಸ್‌ಬಾಕ್ಸ್ ಉಚಿತವಾದ ಮಾತ್ರಕ್ಕೆ ಆಟ ಉಚಿತವಲ್ಲ. ಒಂದೇ ಪ್ರತಿಯನ್ನು ಪ್ರಯೋಗಾಲಯದ ಎಲ್ಲ ಯಂತ್ರಗಳಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಹುಡುಕಿದಾಗ ನೇರವಾದ ದಾರಿಯೇ ಸಿಕ್ಕಿತು. ಇದೇ ಆಟದ ಮೂಲ ಕೋಡು ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಗಾಗಿ 2008ರಲ್ಲಿ ‘ಮೈಕ್ರೊಪೊಲಿಸ್’ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಗಿದೆ. ಅದನ್ನು ಉಬುಂಟುವಿನಲ್ಲಿ ಹಾಕಿಕೊಂಡೆ. ಅದನ್ನು ಹಂಚಬಹುದು, ಬದಲಿಸಲೂಬಹುದು.

ಮೊದಲ ಪಾಠ

ಮಕ್ಕಳು ಉತ್ಸಾಹದಿಂದ ಊರು ಕಟ್ಟಿದರು. ತೆರಿಗೆ ಏರಿಸಿದರು, ಊರು ಸೊರಗಿತು. “ತೆರಿಗೆ ಜಾಸ್ತಿ ಮಾಡಿದ್ರೆ ಜನ ಊರು ಬಿಡ್ತಾರೆ ಮಿಸ್, ಕಂಪ್ಯೂಟರೇ ತೋರಿಸ್ತಲ್ಲ” ಎಂದಳು ಒಬ್ಬ ಹುಡುಗಿ. “ಸರಿಯಾಗಿ ಹೇಳಿದೆ” ಎಂದು ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಕಂಪ್ಯೂಟರ್ ತೋರಿಸಿದ್ದೆಲ್ಲ ನಿಜವೆಂದು ಕಲಿಸಿದಿರಾ?”

ಅಂದು ರಾತ್ರಿ ಸಿ ಭಾಷೆಯಲ್ಲಿರುವ ಆ ಕೋಡನ್ನು ತೆರೆದು ನೋಡಿದೆ. 0ರಿಂದ 20ರವರೆಗಿನ ತೆರಿಗೆ ದರಗಳಿಗೆ 21 ಸಂಖ್ಯೆಗಳ ಒಂದು ಪಟ್ಟಿ ಸಿಕ್ಕಿತು. ಆಟದ ಸುಲಭ ಹಂತದಲ್ಲಿ 0% ತೆರಿಗೆಗೆ 200, 7%ಗೆ 0, 10%ಗೆ –100, 20%ಗೆ –600. ಸಂಖ್ಯೆ ಧನವಾದರೆ ಊರು ಬೆಳೆಯಲು ಉತ್ತೇಜನ, ಋಣವಾದರೆ ಹಿಂಜರಿತ. ಜನ ಊರು ಬಿಡುವ ‘ನಿಯಮ’ ಆಟ ಕಟ್ಟಿದವರು ಆರಿಸಿದ ಈ ಸಂಖ್ಯೆಗಳಲ್ಲಿತ್ತು.

ಎರಡನೆಯ ಪಾಠ

ಈ ಪಟ್ಟಿಯನ್ನೇ ಮಕ್ಕಳಿಗೆ ಕೊಟ್ಟು ನಕ್ಷೆ ಬಿಡಿಸಲು ಹೇಳಿದೆ. 10ರವರೆಗಿನ ಬಿಂದುಗಳು ಒಂದೇ ಸರಳರೇಖೆಗೆ ಬರಲಿಲ್ಲ. 10ರಿಂದ 20ರವರೆಗೆ ಮಾತ್ರ ಪ್ರತಿ 1%ಗೆ 50ರಂತೆ ಇಳಿಯುವ ನೇರ ಗೆರೆ: y = –50x + 400. ಹುಡುಗನೊಬ್ಬ ಗೆರೆಯನ್ನು ಹಿಂದಕ್ಕೆ ಎಳೆದು, “7ಕ್ಕೆ 50 ಬರ್ತದೆ, ಪಟ್ಟಿಯಲ್ಲಿ 0 ಇದೆಯಲ್ಲ?” ಎಂದ. ಸಮೀಕರಣ ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಚರ್ಚೆಗೆ ಅದೇ ಬಾಗಿಲಾಯಿತು.

ನಂತರ ಆಟವನ್ನೇ ಬದಲಿಸಿದೆವು. ಆಟದ ಬಳಗದಲ್ಲಿ ಇದನ್ನು ‘ಮಾಡ್’ ಎನ್ನುತ್ತಾರೆ. ಮೂಲ ಕಡತದ ಪ್ರತಿ ತೆಗೆದಿಟ್ಟು, 7ರ ಎದುರಿನ ಸೊನ್ನೆ 10ರ ಎದುರು ಬರುವಂತೆ ಪಟ್ಟಿಯನ್ನು ಮೂರು ಸ್ಥಾನ ಸರಿಸಿ ಮತ್ತೆ ಕಂಪೈಲ್ ಮಾಡಿದೆ. ಮೊದಲೇ ಉಳಿಸಿಟ್ಟ ಅದೇ ಊರನ್ನು ತೆರೆದೆವು. ಹಿಂದೆ 10% ತೆರಿಗೆಗೆ ಕುಸಿಯುತ್ತಿದ್ದ ವಸತಿ ಬೇಡಿಕೆ ಈಗ ಕುಸಿಯಲಿಲ್ಲ. ಅದೇ ಹುಡುಗಿ ಕೇಳಿದಳು: “ಹಾಗಾದ್ರೆ ಮೊದಲಿಂದೂ ಯಾರೋ ಬರೆದದ್ದೇ ಅಲ್ವಾ ಮಿಸ್?”

ಸಹಪಾಠಿಗಳಿಗೆ

ಪಾಠದ ಹಿಂದಿನ ದಿನವೇ ಶಾಲೆಯ ಯಂತ್ರದಲ್ಲಿ ಆಟ ನಡೆಯುತ್ತದೆಯೇ ನೋಡಿಕೊಳ್ಳಿ. ಪರವಾನಗಿ ಓದಿ. ಮೂಲ ಕಡತವನ್ನು ಮುಟ್ಟುವ ಮೊದಲು ಪ್ರತಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು. ನನ್ನ ಪಾಠದಲ್ಲೂ ಒಂದು ಕೊರತೆ ಉಳಿಯಿತು: ಪಟ್ಟಿ ತಿದ್ದಿದ್ದು ನನ್ನ ಕೈ, ಮಕ್ಕಳದ್ದಲ್ಲ. ಮುಂದಿನ ಪಾಠಯೋಜನೆಯಲ್ಲಿ ಕೀಲಿಮಣೆ ಅವರ ಮುಂದಿರುತ್ತದೆ.