ಎಣಿಸುವ ಮೊದಲು ನೋಡುವುದು

ನಿಮ್ಮ ಮನೆಯಲ್ಲಿ ನಾಲ್ಕೈದು ವರ್ಷದ ತಮ್ಮನೋ ತಂಗಿಯೋ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಂಗಳದಿಂದ ಹದಿನಾಲ್ಕು ಅಡಿಕೆ ತಂದು, ಏಳೇಳರ ಎರಡು ಸಾಲುಗಳನ್ನು ಎದುರುಬದುರಾಗಿ ಜೋಡಿಸಿ. ಎರಡೂ ಸಾಲಿನಲ್ಲಿ ಸಮ ಇದೆಯೇ ಎಂದು ಕೇಳಿ. ಮಗು ಹೌದು ಎನ್ನುತ್ತದೆ. ಈಗ ಅದರ ಕಣ್ಣೆದುರೇ ಒಂದು ಸಾಲಿನ ಅಡಿಕೆಗಳನ್ನು ದೂರ ದೂರ ಸರಿಸಿ ಅದೇ ಪ್ರಶ್ನೆ ಕೇಳಿ. ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸುವ ಮಗುವೂ ಉದ್ದವಾದ ಸಾಲನ್ನು ತೋರಿಸಿ "ಇದರಲ್ಲಿ ಜಾಸ್ತಿ" ಎನ್ನುವುದುಂಟು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಪ್ರಯೋಗಗಳಿಂದಲೇ ಹೆಸರಾದವರು. ಅಡಿಕೆಗಳ ಸಂಖ್ಯೆ ಎರಡು ಮೂರಕ್ಕೆ ಇಳಿದರೆ ಇನ್ನೂ ಚಿಕ್ಕ ಮಕ್ಕಳೂ ಸರಿಯಾಗಿ ಉತ್ತರಿಸಬಲ್ಲರು ಎಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಅದೇನೇ ಇರಲಿ, ಬಾಯಲ್ಲಿರುವ ಸಂಖ್ಯೆಯೂ ಕಣ್ಣೆದುರಿನ ಸಂಖ್ಯೆಯೂ ಮಗುವಿಗೆ ತಾವಾಗಿಯೇ ಒಂದಾಗುವುದಿಲ್ಲ. ಇವೆರಡನ್ನು ಸೇರಿಸದೆ ಮಗ್ಗಿ ಕಲಿಸಿದರೆ, ಭಿನ್ನರಾಶಿ ಬರುವ ಹೊತ್ತಿಗೆ ಮಗು ಗಣಿತಕ್ಕೆ ಹೆದರತೊಡಗುತ್ತದೆ. ಮಗ್ಗಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ.

ಆ ಕೆಲಸಕ್ಕೆ ತುಳುನಾಡಿನ ಮನೆಗಳಲ್ಲಿ ಒಂದು ಸಾಧನವಿತ್ತು, ಚೆನ್ನೆಮಣೆ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕುಳಿತು ಆಡುತ್ತಿದ್ದ ಆಟ. ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರು ಜಗಳವಾಡಿ ದುರಂತ ಕಂಡದ್ದೂ ಈ ಆಟದಲ್ಲೇ. ಮಣೆಯಲ್ಲಿ ಏಳೇಳರಂತೆ ಎರಡು ಸಾಲು ಗುಳಿಗಳಿರುತ್ತವೆ. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿ. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂಬುದು ಎತ್ತುವ ಮೊದಲೇ ಕಣ್ಣಳತೆಗೆ ಸಿಕ್ಕವರಿಗೆ ಆಟ ಒಲಿಯುತ್ತದೆ.

ಗುಳಿಗೆ ನಾಲ್ಕೇ ಕಾಯಿ ಏಕೆ? ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವನ್ಸ್ 1871ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅವರು ಕಾಳುಗಳನ್ನು ಪೆಟ್ಟಿಗೆಯೊಳಕ್ಕೆ ಚೆಲ್ಲಿ, ಎಣಿಸದೆ ಒಂದೇ ನೋಟದಲ್ಲಿ ಎಷ್ಟೆಂದು ಬರೆದು, ಆಮೇಲೆ ಎಣಿಸಿ ನೋಡಿದರು. ಹೀಗೆ ಮಾಡಿದ್ದು ಸಾವಿರಕ್ಕೂ ಹೆಚ್ಚು ಸಲ. ಮೂರು, ನಾಲ್ಕು ಕಾಳು ಇದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ತಪ್ಪು ಶುರುವಾಯಿತು. ನಾಲ್ಕರ ತನಕ ಮನುಷ್ಯನ ಕಣ್ಣು ಎಣಿಸುವುದಿಲ್ಲ, ಸುಮ್ಮನೆ ಕಾಣುತ್ತದೆ. ಚೆನ್ನೆಯ ನಾಲ್ಕು ಕಾಯಿಗೂ ಇದಕ್ಕೂ ಸಂಬಂಧ ಕಲ್ಪಿಸುವ ಆಸೆ ನನಗಿದೆ. ಬರೀ ಕಾಕತಾಳೀಯವೂ ಇರಬಹುದು. ಏಳು ಕಾಯಿ ಬಂದಾಗ ಮಗು "ನಾಲ್ಕು, ಮತ್ತೆ ಮೂರು" ಎಂದು ಒಡೆದು ನೋಡಲು ಕಲಿತರೆ ಅದು ಸಂಕಲನವೇ.

ಕಾಯಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಆಟಕ್ಕೆ ಬಳಸುವುದು ಪೂರ್ತಿ ಕೆಂಪಾದ ಮಂಜೊಟ್ಟಿ ಕಾಯಿ. ಕೆಂಪಿನ ಮೇಲೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಬೇರೆಯೇ ಬಳ್ಳಿಯದು. ಅದನ್ನು ಅಗಿದರೆ ಪ್ರಾಣಾಪಾಯ. ಎರಡನ್ನೂ ದೂರದಿಂದ ತೋರಿಸಿ ವ್ಯತ್ಯಾಸ ಹೇಳಿಸಿ, ಗುಲಗಂಜಿಯನ್ನು ಮಗುವಿನ ಕೈಗೆ ಮಾತ್ರ ಕೊಡಬೇಡಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಕೂಸುಗಳಿಗೆ ಯಾವ ಸಣ್ಣ ಕಾಯಿಯೂ ಬೇಡ.

ಎಣಿಕೆಗಿಂತಲೂ ಮೊದಲಿನದು ವಿಂಗಡಣೆ. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಸುಲಿದ ಅಡಿಕೆಯನ್ನು ಹಿರಿಯರು ಆರಿಸುತ್ತಾ ಕೂರುವುದನ್ನು ನೀವು ಕಂಡವರೇ. ಒಳ್ಳೆಯದು ಒಂದು ಕಡೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಬೇರೆ ಬೇರೆ ಕಡೆ. ಪಕ್ಕದಲ್ಲಿ ಕುಳಿತ ಮಗುವಿಗೆ ಹತ್ತು ಅಡಿಕೆ ಕೊಟ್ಟು "ನೀನು ಬೇರೆ ಮಾಡು" ಎನ್ನಿ. ಅದರ ವಿಂಗಡಣೆ ನಿಮ್ಮದರಂತೆ ಇರಲಿಕ್ಕಿಲ್ಲ. ತಿದ್ದುವ ಮೊದಲು ಯಾಕೆ ಹೀಗೆ ಇಟ್ಟೆ ಎಂದು ಕೇಳಿ. ಬಹಳಷ್ಟು ಸಲ ಅದಕ್ಕೊಂದು ಕಾರಣವಿರುತ್ತದೆ, ನಮಗೆ ಕಾಣದ್ದು.

ತೋಟಕ್ಕೆ ಇಳಿದರೆ ಇನ್ನೂ ಬೇಕಾದಷ್ಟಿದೆ. ಅಡಿಕೆ ಮರದ ಕಾಂಡದ ಮೇಲಿನ ಉಂಗುರಗಳನ್ನು ಮಗುವಿನ ಬೆರಳಿಗೆ ತಾಗಿಸಿ. ಒಂದೊಂದು ಉಂಗುರವೂ ಒಂದೊಂದು ಸೋಗೆ ಹಾಳೆ ಸಮೇತ ಕಳಚಿಬಿದ್ದ ಗುರುತು. ಮಗು ತನ್ನ ಎತ್ತರದವರೆಗೆ ಎಣಿಸಲಿ. ಬಳಿಕ ಮೇಲೆ ನೋಡಿ ಹೇಳಲಿ: ಉಂಗುರಗಳು ಎಲ್ಲಿ ದೂರ, ಎಲ್ಲಿ ಹತ್ತಿರ? ಮರಕ್ಕೆ ವಯಸ್ಸಾದಂತೆ ಬೆಳವಣಿಗೆ ನಿಧಾನವಾಗಿ ಉಂಗುರಗಳು ಒತ್ತೊತ್ತಾಗುತ್ತವೆ. ವರ್ಷಕ್ಕೆ ಸುಮಾರು ಆರೇಳು ಸೋಗೆ ಬೀಳುವುದರಿಂದ, ಉಂಗುರಗಳನ್ನು ಎಣಿಸಿ ಭಾಗಿಸಿ, ಕಾಂಡ ಮೂಡುವ ಮೊದಲಿನ ಕೆಲವು ವರ್ಷ ಸೇರಿಸಿದರೆ ಮರದ ವಯಸ್ಸನ್ನು ಅಂದಾಜು ಮಾಡಬಹುದು. ಈ ಭಾಗಾಕಾರ ನಿಮ್ಮ ಪಾಲಿಗಿರಲಿ. ಸಸಿ ನೆಟ್ಟ ವರ್ಷವನ್ನು ಅಜ್ಜನಲ್ಲಿ ಕೇಳಿ ತಾಳೆ ನೋಡಿ.

ಇನ್ನು ಸಾಲುಗಳು. ಒಂಬತ್ತು ಅಡಿ ಅಂತರದಲ್ಲಿ ಅಡ್ಡಕ್ಕೂ ಉದ್ದಕ್ಕೂ ನೆಟ್ಟ ತೋಟದಲ್ಲಿ ಗುಣಾಕಾರ ನಿಂತೇ ಇದೆ. ಐದೈದರ ನಾಲ್ಕು ಸಾಲಿನ ನಡುವೆ ಮಗುವನ್ನು ನಡೆಸಿ. ಆಮೇಲೆ ಮಗ್ಗುಲಿಗೆ ಬಂದು ನೋಡಿದರೆ ಅದೇ ಮರಗಳು ನಾಲ್ಕು ನಾಲ್ಕರ ಐದು ಸಾಲು. ಬಂಡೆಯೋ ಕಣಿಯೋ ಅಡ್ಡ ಬಂದು ಸಾಲಿನಲ್ಲಿ ಒಂದು ಮರ ತಪ್ಪಿದ್ದರೆ ಇನ್ನೂ ಒಳ್ಳೆಯದು. ಎಲ್ಲಿ ತಪ್ಪಿದೆ ಎಂದು ಹುಡುಕಿಸಿ.

ಇದು ಹೊಸ ವಿಚಾರವೇನಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ನಡೆಸಿದ್ದರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ, ಚಟುವಟಿಕೆಗಳ ಮೂಲಕ ಕಲಿಸುವ ಕ್ರಮವನ್ನು ಸರಕಾರಿ ಶಾಲೆಗಳ ಒಳಗೇ ತಂದಿತು.

ಆದರೆ ಆಟವಾಡಿಸಿದರೆ ಸಾಕೆಂದು ತಿಳಿಯಬೇಡಿ. ದೆಹಲಿಯ ಶಾಲಾಪೂರ್ವ ತರಗತಿಗಳ ಒಂದೂವರೆ ಸಾವಿರ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಖ್ಯೆ ಮತ್ತು ಆಕಾರಗಳ ಆಟವಾಡಿದ ಮಕ್ಕಳು ಹೆಚ್ಚು-ಕಡಿಮೆ, ಆಕಾರ ಮುಂತಾದವನ್ನು ಗುರುತಿಸುವುದರಲ್ಲಿ ಮುಂದೆ ಬಂದರು. ಆ ಲಾಭ ವರ್ಷ ಕಳೆದರೂ ಉಳಿದಿತ್ತು. ಅದೇ ಮಕ್ಕಳು ಒಂದನೆಯ ತರಗತಿಗೆ ಸೇರಿದಾಗ ಶಾಲೆಯ ಲೆಕ್ಕದಲ್ಲಿ ಮಾತ್ರ ಮುಂದೆ ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಆಟದ ಸೋಲಲ್ಲ. ಕಂಡದ್ದನ್ನು ಅಂಕಿಗೆ ಇಳಿಸುವ ಕೊಂಡಿ ಅಲ್ಲಿ ಸಾಕಷ್ಟು ಇರಲಿಲ್ಲ. ಗುಳಿಯಲ್ಲಿ ನಾಲ್ಕು ಕಂಡ ಮಗು "ನಾಲ್ಕು" ಎಂದು ಹೇಳಬೇಕು, ಸ್ಲೇಟಿನಲ್ಲಿ 4 ಎಂದು ಬರೆಯಬೇಕು. ಮೂರೂ ಅದೇ ಹೊತ್ತಿನಲ್ಲಿ, ಅದೇ ಕಾಯಿಗಳನ್ನು ಎದುರಿಗಿಟ್ಟುಕೊಂಡು ನಡೆಯಬೇಕು.

ಇಂಥ ದಾಖಲೆಗೆ ತೆಂಗಿನ ಮರ ಒಳ್ಳೆಯದು. ಅದರ ಮಡಲುಗಳು ಸುರುಳಿಯಾಗಿ ಸುತ್ತುತ್ತ ಹೊರಡುತ್ತವೆ. ಕೆಲವು ಮರಗಳಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಟಿ. ಎ. ಡೇವಿಸ್ ಬಹಳಷ್ಟು ಮರಗಳನ್ನು ನೋಡಿ, ಎರಡೂ ಬಗೆ ಹೆಚ್ಚುಕಡಿಮೆ ಸಮಪಾಲಿನಲ್ಲಿವೆ ಎಂದು ಕಂಡುಕೊಂಡರು. ನಿಮ್ಮ ಮನೆಯ ಮರಗಳ ಬುಡದಲ್ಲಿ ನಿಂತು, ಮಗುವಿನ ಕೈಯಲ್ಲಿ ಎಡ, ಬಲ ಎಂಬ ಎರಡು ಪಟ್ಟಿ ಬರೆಸಿ, ಮರಕ್ಕೊಂದರಂತೆ ಗೆರೆ ಹಾಕಿಸಿ. ಐದಾರು ಮರಗಳಲ್ಲಿ ಸಮಪಾಲು ಬರದೇ ಹೋಗಬಹುದು. ಹಾಗಾದರೆ ಪಕ್ಕದ ಮನೆಯ ಮರಗಳನ್ನೂ ಸೇರಿಸಿಕೊಳ್ಳಿ.